ಪರೀಕ್ಷೆ ಮುಟ್ಟಿದ ಸಾಲು, ಮುಟ್ಟದ ಸಾಲು

ಆಡಿಟರು ಖಾತೆ ಪುಸ್ತಕದಲ್ಲಿ ತಾವು ನೋಡಿದ ಪ್ರತಿಯೊಂದು ನಮೂದಿನ ಪಕ್ಕದಲ್ಲಿ ಟಿಕ್ ಹಾಕುವರೆಂಬುದನ್ನು ಗುಮಾಸ್ತ ಮಿತ್ರರಿಗೆ ಹೇಳಬೇಕಾದುದಿಲ್ಲ. ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ತಾನಾಗಿಯೇ ನಡೆಯುವ ಪರೀಕ್ಷೆಗಳಿಗೆ ಒಡ್ಡಿದಾಗ, ಅದರ ಯಾವ ಸಾಲು ನಡೆಯಿತು, ಯಾವುದು ನಡೆಯಲೇ ಇಲ್ಲ ಎಂಬ ಲೆಕ್ಕವೂ ಇಂಥದೇ. ಇದಕ್ಕೆ ಕವರೇಜ್ ಎಂದು ಹೆಸರು. ನಮ್ಮವರಲ್ಲಿ ಈ ಕೆಲಸಕ್ಕೆ ಸೇರಿದ ತರುಣರು ಈಗ ಅನೇಕರಿರುವುದರಿಂದ ನಾಲ್ಕು ಮಾತು ಬರೆಯುವುದು ಯುಕ್ತವೆನಿಸಿತು.

ಈ ಟಿಕ್ ಹಾಕಲು ಬಹಳವಾಗಿ ಬಳಕೆಯಲ್ಲಿರುವುದು ಜಾಕೋಕೋ ಎಂಬ ಸಾಧನ, ದುಡ್ಡು ಕೊಡಬೇಕಾದುದಿಲ್ಲ. ನಾವು ಬರೆದ ಮೂಲವನ್ನು ಅದು ಮುಟ್ಟದು. ಪ್ರೋಗ್ರಾಮು ಯಂತ್ರದ ಸ್ಮೃತಿಗೆ ಏರುವ ಹೊತ್ತಿಗೆ 'ಏಜೆಂಟ್' ಎಂಬ ಸಹಾಯಕನು ಅದರ ಬೈಟ್‌ಕೋಡಿನಲ್ಲಿ ಅಲ್ಲಲ್ಲಿ ಗುರುತುಕಲ್ಲುಗಳನ್ನು ನೆಡುತ್ತಾನೆ. ಪರೀಕ್ಷೆ ಆ ದಾರಿಯಲ್ಲಿ ಹಾದರೆ ಕಲ್ಲಿಗೆ ಗುರುತು ಬೀಳುತ್ತದೆ. ಎಷ್ಟು ಸಲ ಹಾದಿತೆಂಬುದು ಅದಕ್ಕೆ ಬೇಡ. ಹಾದಿತೋ ಇಲ್ಲವೋ, ಅಷ್ಟೇ.

ತೊಡಕು ಬರುವುದು ಈ ಗುರುತುಗಳನ್ನು ಕೂಡಿಡುವಲ್ಲಿ. ವಾಡಿಕೆಯಂತೆ ಅವು ಕಡತಕ್ಕೆ ಇಳಿಯುವುದು ಜಾವಾ ಯಂತ್ರವು ಕ್ರಮವಾಗಿ ಕೆಲಸ ಮುಗಿಸಿ ನಿಲ್ಲುವಾಗ. ಆತುರದಿಂದ ಅದನ್ನು ನಡುವೆಯೇ ಬಲಾತ್ಕಾರವಾಗಿ ನಿಲ್ಲಿಸಿದರೆ ಇಡೀ ರಾತ್ರಿಯ ಪರೀಕ್ಷೆಯ ಲೆಕ್ಕ ಹೋಯಿತೆಂದೇ ತಿಳಿಯಿರಿ. ನಿನ್ನೆಯ ಕಡತವನ್ನು ಅಳಿಸದೆ ಬಿಟ್ಟರೆ ಇಂದಿನದು ಅದಕ್ಕೇ ಸೇರಿ, ಇಂದು ನಡೆಯದ ಸಾಲಿಗೂ ಟಿಕ್ ಬಿದ್ದಿರುತ್ತದೆ. ಇನ್ನೂ ಒಂದುಂಟು: ಪರೀಕ್ಷೆಯ ಕಾಲದಲ್ಲಿದ್ದ ಕ್ಲಾಸ್ ಕಡತಗಳನ್ನೇ ವರದಿಗೂ ಒದಗಿಸಬೇಕು. ಅವು ನಡುವೆ ಬದಲಾದರೆ ಗುರುತು ತಾಳೆಯಾಗದೆ, ನಡೆದ ಸಾಲೂ ನಡೆಯದಂತೆ ಕಾಣುವುದು. ಇದನ್ನರಿಯದೆ ಪರೀಕ್ಷೆ ಬರೆದವನನ್ನು ಗದರಿಸುವ ಮೇಲಧಿಕಾರಿಗಳಿಗೆ ಕೊರತೆಯಿಲ್ಲ.

ಸಾಲಿನ ಲೆಕ್ಕವಲ್ಲದೆ ಕವಲಿನ ಲೆಕ್ಕವೂ ಬೇರೆ ಉಂಟು. ದಾದರಿನಿಂದ ಫಾಸ್ಟ್ ಗಾಡಿ ಹತ್ತಿದವನು ಕುರ್ಲಾ ಸೇರಿದನು ನಿಜ, ಆದರೆ ನಮ್ಮ ಸಯನ್‌ನಲ್ಲಿ ಇಳಿಯಲಿಲ್ಲ. ಹಾಗೆಯೇ 'ಹೀಗಿದ್ದರೆ ಹೀಗೆ, ಇಲ್ಲವಾದರೆ ಹಾಗೆ' ಎಂಬಲ್ಲಿ ಒಂದೇ ದಾರಿ ನಡೆದಿದ್ದರೆ ವರದಿಯಲ್ಲಿ ಆ ಸಾಲು ಹಳದಿ. ಎರಡೂ ನಡೆದಿದ್ದರೆ ಹಸಿರು, ಏನೂ ನಡೆಯದ್ದು ಕೆಂಪು.

ನೂರಕ್ಕೆ 80 ಬಂದಿತೆಂದು ಹಿಗ್ಗುವ ಕಛೇರಿಗಳನ್ನು ಕಂಡರೆ ನಮಗೆ ಅಂಜಿಕೆ. ಕೂಲಿಯವನ ಪ್ರಾವಿಡೆಂಟ್ ಫಂಡಿಗೆ 12ರ ಬದಲು 21 ಪರ್ಸೆಂಟು ಹಿಡಿಯುವ ಸಾಲು ನಡೆದರೂ ಅದು ಹಸಿರೇ. ಉತ್ತರ ಸರಿಯೋ ತಪ್ಪೋ ಎಂದು ಕೇಳುವ ವಾಕ್ಯವನ್ನು ಪರೀಕ್ಷೆಯಲ್ಲಿ ನಾವೇ ಬರೆಯಬೇಕು. ಅದನ್ನು ಬರೆದೆವೋ ಇಲ್ಲವೋ ಎಂಬುದನ್ನು ಜಾಕೋಕೋ ನೋಡುವುದಿಲ್ಲ. ಆದುದರಿಂದ ವರದಿ ಕೈಗೆ ಬಂದಾಗ ಕೆಂಪು, ಹಳದಿಗಳನ್ನು ಮೊದಲು ಓದಿ, ಅನಂತರ ಸಂಬಳ ಕಡಿತದಂಥ ಹಸಿರು ಸಾಲುಗಳ ಪರೀಕ್ಷೆಯನ್ನೂ ಒಮ್ಮೆ ತೆರೆದು ನೋಡಿರಿ.