ಬೇರು ತಿನ್ನುವ ಹುಳುವಿಗೆ ಮಣ್ಣೊಳಗೇ ಮದ್ದು

ಹಸಿರಾಗಿ ನಿಂತಿದ್ದ ಕಬ್ಬು ಇದ್ದಕ್ಕಿದ್ದಂತೆ ಹಳದಿಗೆ ತಿರುಗುತ್ತದೆ. ಹಿಡಿದೆಳೆದರೆ ಬುಡಸಮೇತ ಕೈಗೆ ಬರುತ್ತದೆ, ಬೇರೇ ಇಲ್ಲ! ಮಣ್ಣು ಕೆದಕಿದರೆ ಬಿಳಿ ಮೈ, ಕಂದು ತಲೆಯ, ಬಾಗಿ ಮಲಗಿದ ಗೊಣ್ಣೆಹುಳು. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಇದರ ದಾಯಾದಿಗಳಿಗೆ ಬೇರುಹುಳು ಎಂದು ಹೆಸರು.

ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ನೆಲದಿಂದ ಮೇಲೇಳುತ್ತವೆ. ಬೇವು, ಜಾಲಿಯ ಎಲೆ ತಿಂದು, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಮರಿಗಳು ತಿಂಗಳುಗಟ್ಟಲೆ ಬೇರು ಮೇಯುತ್ತವೆ. ಎಲೆಯ ಮೇಲಿನ ಹುಳು ಕಣ್ಣಿಗೂ ಬೀಳುತ್ತದೆ, ಸಿಂಪರಣೆಗೂ ಸಿಗುತ್ತದೆ. ಇದು ಎರಡಕ್ಕೂ ಸಿಗದು. ಅದಕ್ಕೇ ರೈತರು ಬಹುಕಾಲ ಫೋರೇಟ್ ಹರಳನ್ನು ನೆಚ್ಚಿದ್ದರು. ಮನುಷ್ಯರಿಗೂ ಘೋರ ವಿಷವಾದ ಅದು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧ. ಹಾಗಾದರೆ ಮುಂದೇನು?

ಜಂತುವಿನ ಬೇಟೆ

ಉತ್ತರ ಮಣ್ಣಿನಲ್ಲೇ ಇದೆ. ಸುಮಾರು ಅರ್ಧ ಮಿಲಿಮೀಟರ್ ಉದ್ದದ, ಬರಿಗಣ್ಣಿಗೆ ಕಾಣದಂಥ ಒಂದು ದುಂಡುಜಂತು ಕೀಟಗಳನ್ನು ಹುಡುಕಿ ಬೇಟೆಯಾಡುತ್ತದೆ. ಕೊಯಮತ್ತೂರಿನಲ್ಲಿ ದೊರೆತು 1992ರಲ್ಲಿ ನಾಮಕರಣಗೊಂಡ ಇದರ ಹೆಸರು ಹೆಟರೋರಾಬ್ಡೈಟಿಸ್ ಇಂಡಿಕಾ. ಹುಳುವಿನ ಬಾಯಿ, ಗುದ ಅಥವಾ ಉಸಿರಾಟದ ರಂಧ್ರಗಳ ಮೂಲಕ ಒಳನುಗ್ಗಿ, ತನ್ನ ಕರುಳಿನಲ್ಲಿ ಸಾಕಿಕೊಂಡ ಬ್ಯಾಕ್ಟೀರಿಯಾಗಳನ್ನು ಹೊರಬಿಡುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹುಳು ಸತ್ತು ಇಟ್ಟಿಗೆಗೆಂಪಾಗುತ್ತದೆ. ಹೆಣವೇ ಜಂತುಗಳ ಊಟದ ಮನೆ, ಹೆರಿಗೆ ಮನೆ! ವಾರ ಎರಡು ವಾರದಲ್ಲಿ ಸಾವಿರಾರು ಮರಿಗಳು ಹೊಸ ಬೇಟೆಗೆ ಹೊರಡುತ್ತವೆ. ಬೆಳೆಗಾಗಲಿ, ಜಾನುವಾರುಗಳಿಗಾಗಲಿ ಇದರಿಂದ ಅಪಾಯವಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಈ ಜಂತುವನ್ನು ಪುಡಿಯ ರೂಪಕ್ಕೆ ತಂದಿದೆ.

ಹಸಿರು ಬೂಷ್ಟು

ಇನ್ನೊಂದು ಅಸ್ತ್ರ ಮೆಟರೈಜಿಯಂ ಎಂಬ ಶಿಲೀಂಧ್ರ. ಹುಳುವಿನ ಚರ್ಮ ಕೊರೆದು ಒಳಗೆ ಬೆಳೆದು, ಕೊನೆಗೆ ಮೈಮೇಲೆಲ್ಲ ಹಸಿರು ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. 1879ರಲ್ಲಿ ಗೋಧಿಯ ದುಂಬಿಯ ವಿರುದ್ಧ ಇದನ್ನು ಪ್ರಯೋಗಿಸಿದವರು ಇಲ್ಯಾ ಮೆಚ್ನಿಕಾಫ್. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪಡೆದವರೂ ಅವರೇ.

ಆದರೆ ಇವು ಜೀವಿಗಳು, ರಾಸಾಯನಿಕವಲ್ಲ. ಬಿಸಿಲಿಗೆ ಸಾಯುತ್ತವೆ, ಒಣನೆಲದಲ್ಲಿ ಕೆಲಸ ಮಾಡವು. ಸಂಜೆ ಹೊತ್ತು, ಹಸಿ ಮಣ್ಣಿಗೆ, ಹುಳು ಎಳೆಯದಿರುವಾಗಲೇ ಹಾಕಬೇಕು. ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸುವುದು ವಾಡಿಕೆ. ಮೊದಲ ಮಳೆಗೆ ಮೇಲೆದ್ದ ದುಂಬಿಗಳನ್ನು ಊರವರೆಲ್ಲ ಸೇರಿ ಹಿಡಿದು ಕೊಂದರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮ ತೋಟದಲ್ಲಿ ಈ ಕಾವಲುಗಾರರು ಇದ್ದಾರೆಯೇ? ವಿದ್ಯಾರ್ಥಿಗಳು ಶಿಕ್ಷಕರ ನೆರವಿನಿಂದ ತಾವೇ ಪರೀಕ್ಷಿಸಬಹುದು. ಡಬ್ಬಿಯಲ್ಲಿ ಹಸಿ ಮಣ್ಣು ತುಂಬಿ, ಜೇನುಗೂಡು ಹಾಳುಮಾಡುವ ಮೇಣದ ಪತಂಗದ ನಾಲ್ಕಾರು ಮರಿಹುಳು ಬಿಟ್ಟು ಒಂದು ವಾರ ನೆರಳಿನಲ್ಲಿಡಿ. ಸತ್ತ ಹುಳು ಇಟ್ಟಿಗೆಗೆಂಪಾಗಿದ್ದರೆ, ಬೇಟೆಗಾರರು ಅಲ್ಲೇ ಇದ್ದಾರೆಂಬುದಕ್ಕೆ ಅದು ಒಳ್ಳೆಯ ಸುಳಿವು.