ಕುದುರೆಯ ನಾಲಿಗೆಯ ಮೇಲೊಂದು ಅಂಕಿ

ಸುಗ್ಗಿ ಮುಗಿಯಿತೆಂದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹೊಲಗಳಲ್ಲಿ ಕುರಿ ಹಿಂಡು ಬೀಡುಬಿಡುತ್ತದೆ. ಕಂಬಳಿ, ಪಾತ್ರೆ, ಬಲೆ, ಎಳೆ ಮರಿ ಎಲ್ಲವನ್ನೂ ಹೊತ್ತು ಜೊತೆಗೆ ಬರುವುದು ತಟ್ಟುಗುದುರೆ. ಗಂಡು ತಟ್ಟು ಪುಂಡಾಟಕ್ಕಿಳಿದರೆ ಬೀಜ ತೆಗೆಸಬೇಕಾಗುತ್ತದೆ. ವೈದ್ಯರು ಕುತ್ತಿಗೆಯ ರಕ್ತನಾಳಕ್ಕೆ ಮೊದಲು ಝೈಲಜಿನ್, ಆಮೇಲೆ ಕೆಟಮಿನ್ ಚುಚ್ಚುತ್ತಾರೆ. ಒಂದೆರಡು ನಿಮಿಷದಲ್ಲಿ ಪ್ರಾಣಿ ಕುಸಿದು ಪಕ್ಕಕ್ಕೆ ಹೊರಳುತ್ತದೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಸುತ್ತ ನಿಂತವರ ಕಣ್ಣೆಲ್ಲ ಕತ್ತರಿಯ ಮೇಲೆ. ಆದರೆ ಪ್ರಾಣದ ಲೆಕ್ಕ ಇರುವುದು ಬಾಯಿಯ ಕಡೆಗೆ.

ಕುದುರೆ ನಿಂತೇ ತೂಕಡಿಸುವ ಪ್ರಾಣಿ. ಬಹಳ ಹೊತ್ತು ಮಲಗುವುದು ಅದರ ಮೈಗೆ ಒಗ್ಗದು. ಐದು ಕ್ವಿಂಟಲ್ ತೂಗುವ ಕುದುರೆಯನ್ನು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬೆನ್ನ ಮೇಲೆ ಮಲಗಿಸಿದರೆ, ಮೇವು ತುಂಬಿದ ದೊಡ್ಡ ಕರುಳು ವಪೆಯನ್ನು ಒತ್ತಿ ಶ್ವಾಸಕೋಶವನ್ನು ಅದುಮುತ್ತದೆ. ಅಡಿಗೆ ಸಿಕ್ಕ ಭಾಗದ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಅಲ್ಲಿಗೂ ಹರಿಯುತ್ತದೆ, ಆಮ್ಲಜನಕ ಸಿಗದೆ ಹಾಗೇ ಮರಳುತ್ತದೆ. ಶುದ್ಧ ಆಮ್ಲಜನಕ ಉಸಿರಾಡಿಸಿದರೂ ಈ ಕೊರತೆ ಪೂರ್ತಿ ನೀಗುವುದಿಲ್ಲ. 2002ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ, ಹೊಟ್ಟೆಶೂಲೆಯ ಕುದುರೆಗಳನ್ನು ಬಿಟ್ಟು ಲೆಕ್ಕ ಹಾಕಿದರೂ, ಅರಿವಳಿಕೆಯ ನಂತರದ ಏಳು ದಿನಗಳೊಳಗೆ ನೂರಕ್ಕೆ ಸುಮಾರು ಒಂದು ಕುದುರೆ ಸತ್ತಿತ್ತು. ಆರೋಗ್ಯವಂತ ಮನುಷ್ಯರಲ್ಲಿ ಇಂಥ ಸಾವು ಬಲು ಅಪರೂಪ.

ಕೊರೊನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿರಬೇಕಲ್ಲ, ಕುದುರೆಗೂ ಅದೇ ತತ್ತ್ವ. ಜಪಾನಿನ ತಾಕುವೊ ಅಯೊಯಾಗಿ 1970ರ ದಶಕದಲ್ಲಿ ಕಂಡುಕೊಂಡದ್ದು. ಕೆಂಪು ಬೆಳಕು, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಎರಡನ್ನೂ ಮಾಂಸದ ಮೂಲಕ ಹಾಯಿಸಿ, ನಾಡಿ ಮಿಡಿದಾಗ ಯಾವುದು ಎಷ್ಟು ಹೀರಲ್ಪಟ್ಟಿತು ಎಂಬುದರಿಂದ, ರಕ್ತದ ಆಮ್ಲಜನಕ ಹೊರುವ ಶಕ್ತಿ ನೂರಕ್ಕೆ ಎಷ್ಟು ತುಂಬಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಕುದುರೆಗೆ ಬೆರಳಿಲ್ಲ, ಮೈಯೆಲ್ಲ ಕೂದಲು. ಹಾಗಾಗಿ ನಾಲಿಗೆಯನ್ನು ಪಕ್ಕಕ್ಕೆ ಎಳೆದು, ಒದ್ದೆ ಬಟ್ಟೆಯಿಂದ ಒರೆಸಿ ಕ್ಲಿಪ್ ಹಾಕುತ್ತಾರೆ. 97 ತೋರಿಸುತ್ತಿದ್ದ ಅಂಕಿ ಸ್ವಲ್ಪ ಹೊತ್ತಿಗೆ 86ಕ್ಕೆ ಜಾರಬಹುದು. ಕ್ಲಿಪ್ ತೆಗೆದರೆ ಕೆಳಗೆ ನಾಲಿಗೆ ಬೆಳ್ಳಗೆ ಬಿಳಿಚಿರುತ್ತದೆ, ಒತ್ತಡಕ್ಕೆ ರಕ್ತವೇ ಅಲ್ಲಿಂದ ಸರಿದಿರುತ್ತದೆ. ಬೆರಳಗಲ ಆಚೆ ಹಾಕಿದರೆ ಮತ್ತೆ 97. ಜಾಗ ಬದಲಿಸಿದರೂ ಅಂಕಿ ಏರದಿದ್ದರೆ ಮಾತ್ರ ನಿಜವಾದ ಅಪಾಯ. 90ಕ್ಕಿಂತ ಕೆಳಗಿಳಿದರೆ ತಡಮಾಡುವಂತಿಲ್ಲ.

ಆದರೂ ಈ ಅಂಕಿಯೊಂದನ್ನೇ ನಂಬಬಾರದು. ನಳ ಬಂದಾಗ ಡ್ರಮ್ ತುಂಬಿಟ್ಟುಕೊಳ್ಳುವ ಗದಗ-ಬೆಟಗೇರಿಯವರಿಗೆ ಇದು ಬೇಗ ತಿಳಿದೀತು. ನಳ ಜೋರಾಗಿ ಬಿದ್ದರೂ ಡ್ರಮ್ ತುಂಬಿರುತ್ತದೆ, ಸಣ್ಣಗೆ ಬಿದ್ದರೂ ತುಂಬಿರುತ್ತದೆ. ಡ್ರಮ್ ನೋಡಿ ನಳದ ರಭಸ ಹೇಳಲಾಗದು. ಶುದ್ಧ ಆಮ್ಲಜನಕ ಉಸಿರಾಡುವ ಕುದುರೆಯ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 450 ಮಿ.ಮೀ. ಪಾದರಸ ಇದ್ದರೂ 110ಕ್ಕೆ ಕುಸಿದರೂ ಆಕ್ಸಿಮೀಟರ್ 98ರ ಆಸುಪಾಸಿನಲ್ಲೇ ನಿಂತಿರುತ್ತದೆ. ಅದು 90ಕ್ಕೆ ಇಳಿಯುವ ಹೊತ್ತಿಗೆ ಒತ್ತಡ 60ಕ್ಕೆ ಬಂದಿರುತ್ತದೆ. ಅದಕ್ಕೇ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಮುಖದ ಅಥವಾ ಹಿಂಗಾಲಿನ ಅಪಧಮನಿಯಿಂದ ರಕ್ತ ತೆಗೆದು ಆಗಾಗ ಪರೀಕ್ಷಿಸುತ್ತಾರೆ. ನಾಲಿಗೆ ನೀಲಿಯಾಗಲೆಂದು ಕಾಯುವುದಂತೂ ಸಲ್ಲದು, ಅದು ಎಲ್ಲಕ್ಕಿಂತ ತಡವಾಗಿ ಸಿಗುವ ಸುಳಿವು.

ಹೊಲದಲ್ಲಿ ರಕ್ತ ಪರೀಕ್ಷೆಯ ಯಂತ್ರ ಇಟ್ಟುಕೊಳ್ಳಲಾಗದು, ನಿಜ. ಆದರೆ ನಾಲಿಗೆಗೆ ಹೊಂದುವ ಕ್ಲಿಪ್ಪಿನ ಆಕ್ಸಿಮೀಟರ್, ಮೂಗಿಗೆ ಕೊಳವೆ ಇಳಿಸಿ ಕೊಡಲು ಒಂದು ಆಮ್ಲಜನಕ ಸಿಲಿಂಡರ್, ಇವೆರಡು ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ಇರಲೇಬೇಕು. ಕುರಿಗಾರರಲ್ಲಿ ನನ್ನದೊಂದು ವಿನಂತಿ: ತಟ್ಟು ಕೆಮ್ಮುತ್ತಿದ್ದರೆ ಚುಚ್ಚುವ ಮೊದಲೇ ವೈದ್ಯರಿಗೆ ಹೇಳಿ. ಎಚ್ಚರವಾಗುವಾಗ ಹೊಡೆದು ಎಬ್ಬಿಸಬೇಡಿ, ತಾನಾಗಿ ಏಳುವವರೆಗೆ ಬಿಡಿ.