ನಿಂತಲ್ಲೇ ತಿರುಗುವ ಹುಲ್ಲುಯಂತ್ರ ನಿಮ್ಮ ನೆಲಕ್ಕೆ ಒಗ್ಗುತ್ತದೆಯೇ?

ಹೊಸೂರಿನಿಂದ ತಳಿ, ಬಾಗಲೂರು, ಬೇರಿಗೆ ಕಡೆ ಹೋಗುವ ರಸ್ತೆಗಳಲ್ಲಿ ಈಗ ರಾಗಿ ಹೊಲ, ಗುಲಾಬಿ ತೋಟಗಳ ನಡುವೆ ಕಾಂಪೌಂಡು ಎದ್ದ ತೋಟದ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಪಟ್ಟಾದಲ್ಲಿ ಸೆಂಟ್ ಲೆಕ್ಕ, ಮನೆಮಾತಿನಲ್ಲಿ ಗುಂಟೆ ಲೆಕ್ಕ. ಗುಂಟೆಯೊಂದಕ್ಕೆ ಎರಡೂವರೆ ಸೆಂಟ್. ಅರ್ಧ ಎಕರೆಯವರೂ ಇದ್ದಾರೆ, ಎರಡು ಎಕರೆಯವರೂ ಇದ್ದಾರೆ. ಮುಂಗಾರು ಕಳೆದು ಹಿಂಗಾರು ಹಿಡಿಯುವ ಹೊತ್ತಿಗೆ ಗರಿಕೆ, ಜೇಕು, ಪಾರ್ಥೇನಿಯಂ ಎಲ್ಲ ಒಟ್ಟಿಗೆ ಏಳುತ್ತವೆ. ಕೂಲಿಗೆ ಆಳು ಸಿಗುವುದಿಲ್ಲ. ಆಗ ಮೊಬೈಲಿನ ವಿಡಿಯೋಗಳಲ್ಲಿ ಅಮೆರಿಕದ ಹಿತ್ತಿಲುಗಳಲ್ಲಿ ಸರಸರನೆ ಓಡುವ ಜೀರೋ ಟರ್ನ್ ಮೋವರ್ ಕಣ್ಣಿಗೆ ಬೀಳುತ್ತದೆ. ಮರದ ಬುಡ ಸುತ್ತಿ, ನಿಂತಲ್ಲೇ ತಿರುಗಿ, ಬಂದ ದಾರಿಯಲ್ಲೇ ವಾಪಸು. ನಮಗೂ ಒಂದಿದ್ದರೆ ಎನಿಸುವುದು ಸಹಜ. ಆದರೆ ಲಕ್ಷಗಟ್ಟಲೆ ಹಣ ಸುರಿಯುವ ಮೊದಲು ಅದು ಹೇಗೆ ತಿರುಗುತ್ತದೆ ಎಂದು ತಿಳಿಯಬೇಕು. ಯಾವ ನೆಲಕ್ಕೆ ಅದು ಬೇಕು, ಯಾವ ನೆಲಕ್ಕೆ ಬೇಡ ಎಂಬುದು ಆ ತಿರುಗುವ ಬಗೆಯಲ್ಲೇ ಅಡಗಿದೆ.

ಇದರಲ್ಲಿ ಸ್ಟೇರಿಂಗ್ ಚಕ್ರ ಸಾಮಾನ್ಯವಾಗಿ ಇರುವುದಿಲ್ಲ. ಕೂತವರ ಎರಡೂ ಕೈಗೆ ಒಂದೊಂದು ಸನ್ನೆಗೋಲು. ಎಡ ಸನ್ನೆ ಎಡ ಹಿಂಗಾಲಿಗೆ, ಅಂದರೆ ಹಿಂದಿನ ಎಡ ಚಕ್ರಕ್ಕೆ; ಬಲ ಸನ್ನೆ ಬಲ ಹಿಂಗಾಲಿಗೆ. ಎರಡನ್ನೂ ಸಮನಾಗಿ ಮುಂದೆ ತಳ್ಳಿದರೆ ನೇರ ಓಟ. ಒಂದನ್ನು ಕಡಿಮೆ ಮಾಡಿದರೆ ಆ ಕಡೆಗೆ ತಿರುವು. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳಲ್ಲಿ ಒಳಗಿನದು ಹೆಚ್ಚುಕಡಿಮೆ ನಿಂತಲ್ಲೇ ಕಾಲು ಬದಲಿಸುತ್ತದೆ, ಹೊರಗಿನದು ದೊಡ್ಡ ಸುತ್ತು ಹಾಕುತ್ತದೆ. ಈ ಯಂತ್ರದಲ್ಲಿ ಒಳಗಿನ ಚಕ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಿಮ್ಮುಖವಾಗಿ ಉರುಳುತ್ತದೆ. ಒಂದು ಮುಂದಕ್ಕೆ, ಇನ್ನೊಂದು ಅಷ್ಟೇ ವೇಗದಲ್ಲಿ ಹಿಂದಕ್ಕೆ ಹೋದಾಗ ಎರಡರ ನಟ್ಟನಡುವಿನ ಬಿಂದುವೇ ಕೇಂದ್ರವಾಗಿ ಇಡೀ ಯಂತ್ರ ಬುಗುರಿಯಾಗುತ್ತದೆ. ಮುಂದಿನ ಪುಟ್ಟ ಚಕ್ರಗಳಿಗೆ ಸ್ವಂತ ದಿಕ್ಕಿಲ್ಲ. ಹಿಂದಿನವು ಎಳೆದತ್ತ ಅವು ಹೊರಳುತ್ತವೆ.

1949ರಲ್ಲಿ ಅಮೆರಿಕದ ಮಿಸೌರಿಯ ಮ್ಯಾಕ್ಸ್ ಸ್ವಿಶರ್ ಇಂಥ ಮೊದಲ ಯಂತ್ರವನ್ನು ಕಟ್ಟಿದರು. ಎರಡು ಹಿಂಗಾಲು, ಎರಡು ಸನ್ನೆಯ ಇಂದಿನ ರೂಪವನ್ನು 1963ರಲ್ಲಿ ಕಾನ್ಸಾಸ್‌ನಲ್ಲಿ ಜಾನ್ ರೆಗಿಯರ್ ಕೊಟ್ಟರು.

ಎಂಜಿನ್ ಒಂದೇ, ಚಕ್ರಗಳ ವೇಗ ಮಾತ್ರ ಬೇರೆಬೇರೆ. ಇದನ್ನು ಸಾಧಿಸುವುದು ಎಣ್ಣೆ. ಎಂಜಿನ್ನಿನ ಬೆಲ್ಟು ಎರಡು ಪಂಪುಗಳನ್ನು ಒಂದೇ ವೇಗದಲ್ಲಿ ಸುತ್ತಿಸುತ್ತದೆ. ಪಂಪಿನೊಳಗೆ ಪುಟ್ಟ ಪಿಸ್ಟನ್‌ಗಳು ವೃತ್ತಾಕಾರವಾಗಿ ಕೂತಿದ್ದು, ಓರೆಯಾದ ಒಂದು ತಟ್ಟೆಗೆ ಆನಿಕೊಂಡಿರುತ್ತವೆ. ನೀವು ಸನ್ನೆ ತಳ್ಳಿದಾಗ ಬದಲಾಗುವುದು ಈ ತಟ್ಟೆಯ ಓರೆ. ಓರೆ ಹೆಚ್ಚಿದಷ್ಟೂ ಪಿಸ್ಟನ್ನಿನ ಓಡಾಟ ಉದ್ದ, ಚಕ್ರದ ಮೋಟರಿಗೆ ಹೋಗುವ ಎಣ್ಣೆ ಹೆಚ್ಚು. ತಟ್ಟೆ ನೆಟ್ಟಗಾದರೆ ಎಣ್ಣೆ ನಿಲ್ಲುತ್ತದೆ, ಚಕ್ರವೂ ನಿಲ್ಲುತ್ತದೆ. ಆಚೆಗೆ ಓರೆಯಾದರೆ ಎಣ್ಣೆ ತಿರುಗುಮುರುಗಾಗಿ ಹರಿದು ಚಕ್ರ ಹಿಂದೆ ಹೋಗುತ್ತದೆ. ಗೇರಿಲ್ಲ, ಕ್ಲಚ್ಚಿಲ್ಲ. ಓಡಾಟದಲ್ಲಿ ಬ್ರೇಕಿನ ಕೆಲಸವನ್ನೂ ಎಣ್ಣೆಯೇ ಮಾಡುತ್ತದೆ. ಮನೆಬಳಕೆಯ ಯಂತ್ರದಲ್ಲಿ ಇಷ್ಟು ಸೊಗಸಾದ ಯಂತ್ರವಿದ್ಯೆ ಅಪರೂಪ.

ಈ ಸೊಗಸಿನಲ್ಲೇ ಅಪಾಯವೂ ಇದೆ. ಓಡಿಸುವುದು, ತಿರುಗಿಸುವುದು, ನಿಲ್ಲಿಸುವುದು ಮೂರೂ ಆ ಎರಡು ಹಿಂಗಾಲುಗಳ ಹಿಡಿತವನ್ನೇ ನಂಬಿವೆ. ಒದ್ದೆ ಹುಲ್ಲಿನಲ್ಲಿ ಒಂದು ಚಕ್ರ ಜಾರಿತೆಂದರೆ ಓಟದ ಜೊತೆಗೆ ದಿಕ್ಕೂ ಬ್ರೇಕೂ ಕೈತಪ್ಪುತ್ತವೆ. ಇಳಿಜಾರಿನಲ್ಲಿ ಇನ್ನೊಂದು ತೊಂದರೆ. ಯಂತ್ರದ ಭಾರಕೇಂದ್ರ ಹಿಂದಿನ ಅಚ್ಚಿಗಿಂತ ಸ್ವಲ್ಪ ಮುಂದಿರುತ್ತದೆ, ಮುಂದಿನ ಚಕ್ರಗಳು ಅಡ್ಡ ಜಾರುವುದನ್ನು ತಡೆಯುವುದೇ ಇಲ್ಲ. ಹೀಗಾಗಿ ದಿಣ್ಣೆಗೆ ಅಡ್ಡಲಾಗಿ ಹೋಗುವಾಗ ಅದರ ಮೂತಿ ತಾನಾಗಿ ತಗ್ಗಿನ ಕಡೆ ತಿರುಗಲು ಹವಣಿಸುತ್ತದೆ. ತಗ್ಗಿನ ಕಡೆಯ ಚಕ್ರಕ್ಕೆ ಹೆಚ್ಚು ಓಟ ಕೊಟ್ಟು ಮೂತಿಯನ್ನು ಮೇಲಕ್ಕೆ ಎತ್ತಿಹಿಡಿಯುತ್ತಲೇ ಇರಬೇಕು. ಆ ಚಕ್ರ ಜಾರಿದರೆ ಮತ್ತೆ ಉಪಾಯವಿಲ್ಲ.

ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಹಾಕುವ ಗರಿಷ್ಠ ಮಿತಿ 15 ಡಿಗ್ರಿ. ಕೆಲವು ಇನ್ನೂ ಕಡಿಮೆ ಹೇಳುತ್ತವೆ. ಅಳೆಯುವುದು ಸುಲಭ. ಒಂದು ಮೀಟರಿನ ಕೋಲನ್ನು ಇಳಿಜಾರಿನ ದಿಕ್ಕಿನಲ್ಲಿ ಒಂದು ತುದಿ ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಮಟ್ಟವಾಗಿ ಹಿಡಿಯಿರಿ. ಇನ್ನೊಂದು ತುದಿಯ ಕೆಳಗಿನ ಅಂತರ 27 ಸೆಂಟಿಮೀಟರು ಬಂದರೆ ಅದೇ 15 ಡಿಗ್ರಿ. ಹೊಸಬರು ಸುಮಾರು 18 ಸೆಂಟಿಮೀಟರಿಗೇ, ಅಂದರೆ 10 ಡಿಗ್ರಿಗೇ ನಿಲ್ಲುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಡೆಂಕಣಿಕೋಟೆ, ಶೂಲಗಿರಿ ಕಡೆಯ ಬಂಡೆ-ದಿಣ್ಣೆಗಳ ನೆಲದಲ್ಲಿ ಈ ಕೋಲಿನ ಪರೀಕ್ಷೆ ಪಾಸಾಗದ ಜಾಗ ಬೇಕಾದಷ್ಟಿವೆ. ಕೆರೆ ಏರಿ, ಕಟ್ಟೆಯಿಲ್ಲದ ಬಾವಿ, ಕಲ್ಲು ಕಟ್ಟಿ ಮಟ್ಟ ಮಾಡಿದ ನೆಲದ ಅಂಚು, ಇವುಗಳ ಹತ್ತಿರ ಇದನ್ನು ತರಲೇಬಾರದು. ಅಲ್ಲಿ ಕೈಯಂತ್ರವೇ ಸರಿ. ಕೊಳ್ಳುವಾಗ ಸೀಟಿನ ಹಿಂದೆ ಉಕ್ಕಿನ ಕಮಾನು ಇದೆಯೇ ನೋಡಿ. ಡೀಲರರು ಅದನ್ನು ರೋಪ್ಸ್ ಎನ್ನುತ್ತಾರೆ. ಯಂತ್ರ ಮಗುಚಿದರೆ ಜೀವ ಉಳಿಸುವುದು ಅದೇ, ಅದೂ ಬೆಲ್ಟ್ ಹಾಕಿದ್ದರೆ ಮಾತ್ರ.

ಎರಡನೆಯ ವಿಷಯ ಕಲ್ಲು. ಇದರ ಡೆಕ್ಕಿನಡಿ, ಅಂದರೆ ಹೊಟ್ಟೆಯ ತಗಡಿನ ಮುಚ್ಚಳದಡಿ, ಅಲಗುಗಳು ಫ್ಯಾನಿನಂತೆ ಅಡ್ಡಡ್ಡ ಸುತ್ತುತ್ತವೆ. ಅಲಗಿನ ಹಿಂಬದಿಯ ಮಡಿಕೆ ಗಾಳಿಯನ್ನು ಮೇಲಕ್ಕೆ ಎಳೆದು ಬಾಗಿದ ಹುಲ್ಲನ್ನು ನಿಲ್ಲಿಸುತ್ತದೆ, ಚೂಪಾದ ಅಂಚು ಕೊಚ್ಚುತ್ತದೆ. ಅಮೆರಿಕದ ಸುರಕ್ಷತಾ ಮಾನಕದಲ್ಲಿ ಅಲಗಿನ ತುದಿಯ ವೇಗಕ್ಕೆ ಮಿತಿ ನಿಮಿಷಕ್ಕೆ 19,000 ಅಡಿ, ಗಂಟೆಗೆ ಸುಮಾರು 347 ಕಿಲೋಮೀಟರು. ಯಂತ್ರಗಳು ಈ ಮಿತಿಯ ಹತ್ತಿರವೇ ಓಡುತ್ತವೆ. ನಮ್ಮ ಕೆಂಪುಮಣ್ಣಿನ ನೊರಜುಗಲ್ಲು ಆ ಅಲಗಿಗೆ ಸಿಕ್ಕಿದರೆ ಅದು ಹಾರುವ ದಿಕ್ಕಿನಲ್ಲಿ ಮಕ್ಕಳು ಇರಕೂಡದು. ಮೊದಲ ವರ್ಷ ಕಲ್ಲು ಆರಿಸಿ ನೆಲ ಮಟ್ಟ ಮಾಡುವ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಹನಿ ನೀರಾವರಿಯ ಪೈಪು ಹುಲ್ಲಿನಲ್ಲಿ ಮಲಗಿದ್ದರೆ ಅದೂ ಚೂರುಚೂರು.

ಇನ್ನು ಅಳತೆಗೆ ಬರೋಣ. ಮನೆಬಳಕೆಯ ಚಿಕ್ಕ ಜೀರೋ ಟರ್ನ್‌ಗಳಲ್ಲಿ 42 ಇಂಚಿನ ಡೆಕ್ ಸಾಮಾನ್ಯ. ಒಮ್ಮೆಗೆ 107 ಸೆಂಟಿಮೀಟರು ಅಗಲ ಕತ್ತರಿಸುತ್ತದೆ. ಗಂಟೆಗೆ 6 ಕಿಲೋಮೀಟರಿನ ಹದವಾದ ಓಟದಲ್ಲಿ, ಒಂದರ ಮೇಲೊಂದು ಬೀಳುವ ಪಟ್ಟೆ, ತಿರುವು ಎಲ್ಲ ಕಳೆದರೂ ಗಂಟೆಗೆ ಎಕರೆಗಿಂತ ತುಸು ಹೆಚ್ಚೇ ಮುಗಿಯುತ್ತದೆ. ನಡೆದು ತಳ್ಳುವ 20 ಇಂಚಿನ ಮೋವರಿಗೆ ಎಕರೆಗೆ ಮೂರು ಗಂಟೆ ಹಿಡಿದೀತು. ಆದರೆ ಒಂದು ಎಕರೆಯ ಪಟ್ಟಾದಲ್ಲಿ ಮನೆ, ದಾರಿ, ತೆಂಗು, ಮಾವು, ತರಕಾರಿ ಪಾತಿ ಕಳೆದರೆ ನಿಜವಾದ ಹುಲ್ಲುಹಾಸು ಹತ್ತು ಗುಂಟೆ ಉಳಿದರೆ ಹೆಚ್ಚು. ಅದು ತಳ್ಳುವ ಮೋವರಿನ ಮುಕ್ಕಾಲು ಗಂಟೆಯ ಕೆಲಸ. ಗೇಟನ್ನೂ ಅಳೆಯಿರಿ. ಹುಲ್ಲು ಹೊರಚೆಲ್ಲುವ ಬದಿಯ ಬಾಯಿ ಸೇರಿದರೆ 42 ಇಂಚಿನ ಯಂತ್ರದ ಒಟ್ಟು ಅಗಲ ಒಂದೂಕಾಲು ಮೀಟರನ್ನು ಮೀರುತ್ತದೆ.

ಕೊಳ್ಳಲೇಬೇಕೆಂದರೆ ಹಾರ್ಸ್‌ಪವರ್ ನೋಡಿ ಮರುಳಾಗಬೇಡಿ, ಮೊದಲು ಟ್ರಾನ್ಸ್‌ಮಿಷನ್, ಅಂದರೆ ಆ ಎಣ್ಣೆಯ ಪಂಪು-ಮೋಟರುಗಳ ಬಗ್ಗೆ ವಿಚಾರಿಸಿ. ಕಡಿಮೆ ಬೆಲೆಯ ಹಲವು ಮಾದರಿಗಳಲ್ಲಿ ಅದು ಮುಚ್ಚಿದ ಪೆಟ್ಟಿಗೆ, ಎಣ್ಣೆ ಬದಲಿಸಲು ದಾರಿಯೇ ಇಲ್ಲ. ನಮ್ಮ ಬೇಸಿಗೆಯ ಕಾವಿನಲ್ಲಿ, ಕೆಂಪು ಧೂಳಿನಲ್ಲಿ ಎಣ್ಣೆ ಬೇಗ ದಣಿಯುತ್ತದೆ. ಫಿಲ್ಟರ್ ಇದ್ದು ಎಣ್ಣೆ ಬದಲಿಸಬಹುದಾದ ಟ್ರಾನ್ಸ್‌ಮಿಷನ್ನಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಡೆಕ್ಕಿನ ತಗಡಿನ ವಿಷಯದಲ್ಲಿ ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ ಪೆಟ್ರೋಲ್. 2025ರ ಹೊತ್ತಿಗೆ ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬಂದಿದೆ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಸಣ್ಣ ಎಂಜಿನ್‌ಗಳ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವುದು ಶೇ. 10 ಮಾತ್ರ. ಎಥನಾಲ್ ಗಾಳಿಯ ತೇವ ಹೀರುತ್ತದೆ; ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರಿನ ಜೊತೆ ತಳಕ್ಕೆ ಇಳಿದು ಕಾರ್ಬುರೇಟರನ್ನು ಕೆಡಿಸುತ್ತದೆ, ರಬ್ಬರಿನ ಕೊಳವೆಗಳನ್ನು ಸಡಿಲಿಸುತ್ತದೆ. ನಮ್ಮಲ್ಲಿ ಹುಲ್ಲು ಕತ್ತರಿಸುವ ಕೆಲಸ ಹೆಚ್ಚಾಗಿ ಮಳೆ ತಿಂಗಳುಗಳದ್ದು. ಉಳಿದ ಕಾಲ ಯಂತ್ರ ಶೆಡ್ಡಿನಲ್ಲಿ ನಿಲ್ಲುತ್ತದೆ. ಇಲ್ಲಿನ ಪೆಟ್ರೋಲಿಗೆ ವಾರಂಟಿ ಅನ್ವಯಿಸುತ್ತದೆ ಎಂದು ಡೀಲರರಿಂದ ಬರೆಸಿಕೊಳ್ಳಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಬ್ಯಾಟರಿಯ ಜೀರೋ ಟರ್ನ್‌ಗಳಲ್ಲಿ ಈ ಗೋಳಿಲ್ಲ. ಎಣ್ಣೆಯ ಪಂಪುಗಳ ಜಾಗದಲ್ಲಿ ಹಿಂಗಾಲಿಗೊಂದರಂತೆ ವಿದ್ಯುತ್ ಮೋಟರು ಇರುತ್ತದೆ. ಟಿವಿಎಸ್, ಏಥರ್ ಸ್ಕೂಟರುಗಳು ಹೊಸೂರಿನಲ್ಲಿ, ಓಲಾ ಸ್ಕೂಟರುಗಳು ಇದೇ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ತಯಾರಾಗುತ್ತಿರುವಾಗ ಮೋಟರು, ಕಂಟ್ರೋಲರು ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಪೆಟ್ರೋಲ್ ಯಂತ್ರಕ್ಕೂ ಸಿಪ್‌ಕಾಟ್ ಕೈಗಾರಿಕಾ ವಲಯದ ಸುತ್ತಮುತ್ತಲ ವರ್ಕ್‌ಶಾಪುಗಳು ದೊಡ್ಡ ಆಸರೆ: ಅಲಗು ಸಾಣೆ, ಡೆಕ್ ವೆಲ್ಡಿಂಗ್ ಅವರಿಗೆ ಹೊಸದಲ್ಲ. ಹಲವು ಡೆಕ್ಕುಗಳ ಬೇರಿಂಗುಗಳೂ ಅಂಗಡಿಯಲ್ಲಿ ಸಿಗುವ ಮಾಮೂಲಿ ಸಂಖ್ಯೆಯವೇ. ಟ್ರಾನ್ಸ್‌ಮಿಷನ್ ಕೆಟ್ಟರೆ ಮಾತ್ರ ಆಮದಾಗುವ ಭಾಗಕ್ಕೆ ಕಾಯಬೇಕು.

ಮತ್ತೊಂದು ಮಾತು ದನ ಸಾಕುವವರಿಗೆ. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ 1824ರಷ್ಟು ಹಳೆಯ ಸರ್ಕಾರಿ ಜಾನುವಾರು ಫಾರಂ ಇದೆ. ಈ ಸೀಮೆಯಲ್ಲಿ ಹುಲ್ಲು ಇಂದಿಗೂ ಮೇವು. ಜೀರೋ ಟರ್ನ್ ಹುಲ್ಲನ್ನು ಪುಡಿಮಾಡಿ ಚೆಲ್ಲುತ್ತದೆ. ಆ ಪುಡಿ ರಾಶಿ ಹಾಕಿದರೆ ಕಾವು ಏರಿ ಹುಳಿಯುತ್ತದೆ, ಹಸುವಿಗೆ ಹಾಕುವಂತಿಲ್ಲ. ಕುಡುಗೋಲು ಅಥವಾ ಹಲ್ಲಿನ ಬಿಲ್ಲೆ ತೊಡಿಸಿದ ಬ್ರಷ್ ಕಟರ್ ಹುಲ್ಲನ್ನು ಉದ್ದಕ್ಕೇ ಮಲಗಿಸುತ್ತದೆ. ಕೃಷ್ಣಗಿರಿಯ ತೋತಾಪುರಿ ತೋಟಗಳಿಗೂ ಅದೇ ಸರಿ: ಬಾಗಿದ ಕೊಂಬೆಗಳ ಕೆಳಗೆ ಸೀಟಿನ ಮೇಲೆ ಕೂತು ಹೋಗುವುದು ಕಣ್ಣಿಗೂ ತಲೆಗೂ ಕ್ಷೇಮವಲ್ಲ.

ಇಪ್ಪತ್ತು ಗುಂಟೆಗಿಂತ ಕಡಿಮೆ ಹುಲ್ಲುಹಾಸಿಗೆ ತಳ್ಳುವ ಮೋವರೂ ಒಂದು ಬ್ರಷ್ ಕಟರೂ ಸಾಕು. ಎಕರೆ ಮೀರಿದ, ಕಲ್ಲಾರಿಸಿದ, ಸಮತಟ್ಟಾದ ಹುಲ್ಲು, ನಡುನಡುವೆ ಸುತ್ತಿ ಬರಬೇಕಾದ ಮರಗಳು ಇದ್ದರೆ ಜೀರೋ ಟರ್ನ್ ನಿಜಕ್ಕೂ ವರ. ಆಗಲೂ ಮುಂಗಡ ಕೊಡುವ ಮೊದಲು ಡೀಲರರನ್ನು ನಿಮ್ಮ ನೆಲಕ್ಕೇ ಕರೆಸಿ, ನಿಮ್ಮ ಅತಿ ದೊಡ್ಡ ಇಳಿಜಾರಿನಲ್ಲಿ ಅವರೇ ಓಡಿಸಿ ತೋರಿಸಲಿ. ಅವರು ಹಿಂಜರಿದ ಜಾಗದಲ್ಲಿ ನೀವೂ ಓಡಿಸಬೇಡಿ.